ಎಕ್ಸ್-ರೋಡ್ ಹಾಕಿ ನೋಡಿದೆ

ಸರ್ಕಾರಿ ಇಲಾಖೆಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ಯಾವ ಸಾಫ್ಟ್‌ವೇರ್ ಆರಿಸಬೇಕು ಅಂದಾಗಲೆಲ್ಲ ಎಕ್ಸ್-ರೋಡ್ ಹೆಸರು ಬರುತ್ತದೆ. ಎಸ್ಟೋನಿಯಾ 2001ರಿಂದ ಬಳಸುತ್ತಿದೆ. ಹೊಗಳಿಕೆ ಕೇಳಿ ಕೇಳಿ ಸಾಕಾಗಿ ಒಂದು ವಾರ ಕೂತು ನಾನೇ ಹಾಕಿ ನೋಡಿದೆ. ನನ್ನದು ಸರ್ವರ್ ನೋಡಿಕೊಳ್ಳುವ ಕೆಲಸ. ಬರೆಯುವುದೂ ಆ ಕಣ್ಣಿನಿಂದಲೇ.

ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ ನಾಲ್ಕು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು. ಒಂದು ಸೆಂಟ್ರಲ್ ಸರ್ವರ್, ನನ್ನ ಎರಡು ಸುಳ್ಳು 'ಇಲಾಖೆ'ಗಳಿಗೆ ಒಂದೊಂದು ಸೆಕ್ಯುರಿಟಿ ಸರ್ವರ್ (ಇಲಾಖೆಯ ಮಾಹಿತಿ ಹೋಗಿಬರುವ ಬಾಗಿಲು). ನಾಲ್ಕನೆಯದು ಸರ್ಟಿಫಿಕೇಟ್ (ಸರ್ವರ್ ಯಾರದು ಅನ್ನುವ ಡಿಜಿಟಲ್ ಗುರುತು) ಮತ್ತು ಟೈಮ್‌ಸ್ಟ್ಯಾಂಪ್ (ಸಂದೇಶಕ್ಕೆ ಹಾಕುವ ಸಮಯದ ಮುದ್ರೆ) ಸೇವೆಗೆ. ಜಾಸ್ತಿ ತಲೆ ತಿಂದದ್ದು ಈ ನಾಲ್ಕನೆಯದೇ.

ಸೆಂಟ್ರಲ್ ಅಂದ ತಕ್ಷಣ ಎಲ್ಲ ಮಾಹಿತಿ ಅಲ್ಲಿಂದಲೇ ಹಾದುಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಯಾರು ಸದಸ್ಯರು, ಯಾವ ಸರ್ಟಿಫಿಕೇಟ್ ನಂಬಬಹುದು ಅನ್ನುವ ಪಟ್ಟಿ ಹಂಚುವುದಷ್ಟೇ ಅದರ ಕೆಲಸ. ಮಾಹಿತಿ ಒಂದು ಸೆಕ್ಯುರಿಟಿ ಸರ್ವರ್‌ನಿಂದ ಇನ್ನೊಂದಕ್ಕೆ ನೇರವಾಗಿ, ಸಹಿ ಹಾಕಿಸಿಕೊಂಡು ಹೋಗುತ್ತದೆ.

ಮೂರನೇ ದಿನ ಟೈಮ್‌ಸ್ಟ್ಯಾಂಪ್ ಸೇವೆಯನ್ನು ಮಾತ್ರ ಬೇಕಂತಲೇ ನಿಲ್ಲಿಸಿದೆ. ಸಂದೇಶಗಳು ಹೋಗುತ್ತಲೇ ಇದ್ದವು. ಪರವಾಗಿಲ್ಲ ಅಂದುಕೊಂಡೆ. ನಾಲ್ಕು ಗಂಟೆ ಕಳೆದ ಮೇಲೆ ಎಲ್ಲ ಬಂದ್. ಮೊದಲು ಸಿಟ್ಟು ಬಂತು. ಆಮೇಲೆ ಕೈಪಿಡಿ ತೆಗೆದರೆ, ಅದು ಮೊದಲೇ ಇಟ್ಟಿರುವ ಗಡುವು. ಯಾರು ಯಾವಾಗ ಏನು ಕಳಿಸಿದರು ಅನ್ನುವುದಕ್ಕೆ ಪುರಾವೆ ಉಳಿಯದಿದ್ದರೆ ಕಳಿಸುವುದೇ ಬೇಡ ಅನ್ನುವ ಹಟ. ನನಗೆ ಅತಿ ಇಷ್ಟವಾದ ಗುಣ ಇದೇ.

ಸರ್ಕಾರದ ಜಾಗದಲ್ಲಿ ನಿಂತು ನೋಡಿದರೆ ದೊಡ್ಡ ಪ್ರಶ್ನೆ ಬೇರೆ: ನಾಳೆ ಬದಲಾಯಿಸಬೇಕಾದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ? 2017ರಲ್ಲಿ ಎಸ್ಟೋನಿಯಾದ ಸುಮಾರು 7.6 ಲಕ್ಷ ಗುರುತಿನ ಚೀಟಿಗಳ ಚಿಪ್‌ನಲ್ಲಿ ದೋಷ ಸಿಕ್ಕಿತು. ಅದಕ್ಕೂ ಎಕ್ಸ್-ರೋಡ್‌ಗೂ ಸಂಬಂಧವಿಲ್ಲ ಅನ್ನಿ. ಆದರೆ ಕಾರ್ಡ್ ಎಸೆಯದೆ, ದೂರದಿಂದಲೇ ಬೇರೆ ಗೂಢಲಿಪಿ ವಿಧಾನಕ್ಕೆ ಬದಲಾಯಿಸಲು ಆಯಿತು. ಹೀಗೆ ಬೇಕಾದಾಗ ಬದಲಾಯಿಸಲು ಆಗುತ್ತದಾ ಅನ್ನುವುದಕ್ಕೆ ಟೆಂಡರ್ ಕಾಗದದಲ್ಲಿ ಒಂದು ಕಾಲಂ ಇರಬೇಕು. ಎಕ್ಸ್-ರೋಡ್ ಇಲ್ಲಿ ಪಾಸ್: ಎಂಐಟಿ ಲೈಸೆನ್ಸ್ (ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು), ಕೋಡ್ ಎಲ್ಲರಿಗೂ ತೆರೆದಿದೆ, ನೋಡಿಕೊಳ್ಳುವುದು ಎಸ್ಟೋನಿಯಾ, ಫಿನ್ಲೆಂಡ್ 2017ರಲ್ಲಿ ಸೇರಿ ಕಟ್ಟಿದ ಲಾಭರಹಿತ ಸಂಸ್ಥೆ. ಆಮೇಲೆ ಐಸ್‌ಲೆಂಡ್ ಕೂಡ ಸೇರಿತು.

ಐದಕ್ಕೆ ನಾಲ್ಕು. ಒಂದು ಕಡಿಮೆ ಯಾಕೆಂದರೆ, ಹೊಸಬರಿಗೆ ಇದು ಸುಲಭವಲ್ಲ. ಎರಡೇ ಇಲಾಖೆಗಳನ್ನು ಜೋಡಿಸುವುದಾದರೆ ಸುಮ್ನೆ ಭಾರ, ಎರಡು ಸಾಫ್ಟ್‌ವೇರ್ ನೇರವಾಗಿ ಮಾತಾಡಿಕೊಳ್ಳುವ ಒಂದು ಸಾದಾ ಎಪಿಐ ಸಾಕು. ಯಾವ ಇಲಾಖೆ ಯಾರಿಗೆ ಏನು ಕೊಡಬೇಕು ಅನ್ನುವ ಜಗಳವನ್ನಂತೂ ಇದು ಬಿಡಿಸುವುದಿಲ್ಲ. ಅದನ್ನು ಇನ್‌ಸ್ಟಾಲ್ ಮಾಡುವ ಮೊದಲೇ ಮುಗಿಸಿಕೊಳ್ಳಿ.