ಪಾಂಪ್ಲೆಟ್, ಗೂಗಲ್ ಮ್ಯಾಪ್, ಕಾರ್ಡಿನ ಆಲ್ಬಮ್: ನಮ್ಮ ಪ್ರೆಸ್ಸಿಗೆ ಗಿರಾಕಿ ತಂದದ್ದು ಯಾವುದು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನಮ್ಮ ಪ್ರಿಂಟಿಂಗ್ ಪ್ರೆಸ್ ಇದೆ. ಎರಡು ಖೋಲಿ, ಒಂದು ಮಿನಿ ಆಫ್‌ಸೆಟ್, ಒಂದು ಕಲರ್ ಪ್ರಿಂಟರ್, ಒಂದು ಕಟಿಂಗ್ ಮಷಿನ್. ಹೋದ ದೀಪಾವಳಿ ಆದ ಮೇಲೆ ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಹೊಸಬರು ಯಾರೇ ಬರಲಿ, "ನಮ್ಮ ಅಂಗಡಿ ಹ್ಯಾಂಗ ಗೊತ್ತಾಯ್ತ್ರಿ?" ಅಂತ ಕೇಳಿ ಬರೆದುಕೊಂಡೆ. ಆರು ತಿಂಗಳು ಒಂದು ದಿನವೂ ಬಿಡಲಿಲ್ಲ. ಪ್ರಚಾರಕ್ಕೆ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಬೇಕಲ್ವಾ?

ಮೊದಲು ಪಾಂಪ್ಲೆಟ್. ಎ5 ಅಳತೆ, 2,000 ಪ್ರತಿ. ಅಚ್ಚು ನಮ್ಮದೇ ಮಷಿನ್ನಿನಲ್ಲಿ ಆಯಿತು. ಪೇಪರ್ ಹಂಚುವವರಿಗೆ ಕೊಟ್ಟು ಜಯನಗರ, ಸೇಡಂ ರಸ್ತೆ ಕಡೆಯ ಮನೆಗಳಿಗೆ ಪೇಪರಿನ ಒಳಗೆ ಇಡಿಸಿದೆ. ಒಂದು ವಾರದಲ್ಲಿ 14 ಜನ ಬಂದರು. ಹೆಚ್ಚಿನವರದು ಜೆರಾಕ್ಸ್, ಲ್ಯಾಮಿನೇಷನ್. ಹತ್ತು ದಿನ ಕಳೆದ ಮೇಲೆ ಪಾಂಪ್ಲೆಟ್ ನೋಡಿ ಬಂದೆ ಅಂದವರು ಒಬ್ಬರೂ ಇಲ್ಲ. ಅವತ್ತು ಕೆಲಸ ಇದ್ದವರಿಗೆ ಮಾತ್ರ ಅದು ಉಪಯೋಗ.

ಆಟೋಗಳ ಹಿಂದೆ ಬ್ಯಾನರ್ ಕೂಡ ಹಾಕಿಸಿ ನೋಡಿದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಕೆಂಪು, ಹಳದಿ ಮೊದಲು ಹೋಗಿ ಬರೀ ನೀಲಿ ಉಳಿಯಿತು. ಬಣ್ಣ ಹೋದ ಬ್ಯಾನರ್ ಪ್ರೆಸ್ಸಿನವರ ಹೆಸರಿಗೆ ಒಳ್ಳೆಯದಲ್ಲ. ಎಲ್ಲಾ ತೆಗೆಸಿಬಿಟ್ಟೆ.

ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸೋದಕ್ಕೆ ದುಡ್ಡು ಬೇಕಿಲ್ಲ. ಫೋಟೊ, ಫೋನ್ ನಂಬರ್, ಅಂಗಡಿ ತೆರೆಯುವ ಹೊತ್ತು ಹಾಕಿದೆ. ಊರಿಗೆ ಕಲಬುರಗಿ ಅಂತ ಹೆಸರಾಗಿದ್ದು 2014ರ ನವೆಂಬರ್ 1ಕ್ಕೆ. ಆದರೆ ಇನ್ನೂ ಗುಲಬರ್ಗಾ ಅಂತಲೇ ಹುಡುಕುವವರು ಬೇಕಾದಷ್ಟು ಇದ್ದಾರೆ, ಹಾಗಾಗಿ ವಿವರದಲ್ಲಿ ಎರಡೂ ಹೆಸರು ಬರೆದೆ. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಅಚ್ಚು ಮಾಡ್ತೀವಿ ಅಂತ ಸೇರಿಸಿದ ಮೇಲೆ ಫೋನ್ ಜಾಸ್ತಿಯಾದವು. ಇಲ್ಲಿಂದ ಬಂದವರು 41 ಜನ, ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು. "ಕಾಕಾ, ನಾಳೆ ಸಬ್ಮಿಷನ್ ಅದ, ಬೈಂಡಿಂಗ್ ಇವತ್ತೇ ಆಗ್ತದೇನ್ರಿ?" ಅಂತ ಕೇಳಿಕೊಂಡೇ ಒಳಗೆ ಬರುತ್ತಾರೆ. ಒಂದು ಭಾನುವಾರ ನಾವು ಬಾಗಿಲು ಹಾಕಿದ್ದೆವು, ಮ್ಯಾಪಿನಲ್ಲಿ ಮಾತ್ರ ಅಂಗಡಿ ತೆರೆದಿದೆ ಅಂತಿತ್ತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಬಸ್ಸಿನಲ್ಲಿ ಬಂದ ಹುಡುಗಿ ವಾಪಸ್ ಹೋಗಬೇಕಾಯಿತು. ಅದು ನನ್ನ ತಪ್ಪು, ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಆವತ್ತಿನಿಂದ ಪ್ರತಿ ಶನಿವಾರ ರಾತ್ರಿ ಅದನ್ನು ನೋಡಿಯೇ ಮಲಗುತ್ತೇನೆ.

ಇನ್ನು ಆಲ್ಬಮ್. ಲಗ್ನಪತ್ರಿಕೆಯ 20 ಮಾದರಿ ಅಂಟಿಸಿ, ಪ್ರತಿಯೊಂದಕ್ಕೂ ನಂಬರ್ ಹಾಕಿ, ಹಿಂದೆ ನೂರು ಕಾರ್ಡಿಗೆ ಎಷ್ಟು ಅಂತ ಬರೆದು ಆರು ಆಲ್ಬಮ್ ಮಾಡಿದೆ. ಎರಡು ಸೀರೆ ಅಂಗಡಿ, ಒಂದು ಬಳೆ ಅಂಗಡಿ, ಒಂದು ಕಲ್ಯಾಣ ಮಂಟಪ, ಮುಹೂರ್ತ ನೋಡುವ ಇಬ್ಬರು ಅಯ್ಯನವರು, ಹೀಗೆ ಇಟ್ಟು ಬಂದೆ. ಲಗ್ನದ ಮನೆಯವರು ಪ್ರೆಸ್ಸಿಗೆ ಬರುವ ಮೊದಲು ಹೋಗುವ ಜಾಗಗಳು ಇವೇ.

ಒಂದು ದಿನ ಸೀರೆ ಅಂಗಡಿಯಲ್ಲಿ ಕೂತು ನೋಡಿದೆ. ಸೀರೆ ಕಟ್ಟಿಸುವ ಹೊತ್ತಿಗೆ ಮದುಮಗಳ ತಾಯಿ ಆಲ್ಬಮ್ ತೆಗೆದರು. ಮೊದಲು ಓದಲಿಲ್ಲ. ಉಬ್ಬಚ್ಚಿನ ಗಣಪತಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೂಲೆ ಮುಟ್ಟಿ, "ಇದಕ್ಕ ಅರಿಶಿಣ ಹತ್ತಂಗಿಲ್ಲ" ಅಂದರು. ಲ್ಯಾಮಿನೇಷನ್ ಮಾಡಿದ ಕಾರ್ಡ್ ಅದು, ಒದ್ದೆ ಅರಿಶಿಣ ಜಾರಿ ಹೋಗುತ್ತದೆ. ಅಂಗಡಿಗೆ ಬಂದವನೇ ಲ್ಯಾಮಿನೇಷನ್ ಇಲ್ಲದ ಕಾರ್ಡುಗಳನ್ನು ಆಲ್ಬಮಿನ ಮೊದಲ ಪುಟಗಳಿಗೆ ತಂದೆ. ಮ್ಯಾಪಿನ ಫೋಟೊದಲ್ಲಿ ಇದು ಯಾರಿಗೂ ಕಾಣೋದಿಲ್ಲ.

ಆಲ್ಬಮ್ ನೋಡಿ ಬಂದವರು ಒಂಬತ್ತೇ ಮನೆಯವರು. ಆದರೆ ಯಾವ ಆರ್ಡರೂ 300 ಕಾರ್ಡಿಗೆ ಕಡಿಮೆ ಇಲ್ಲ. "ಹನ್ನೊಂದನೇ ನಂಬರಿಂದು ಬೇಕ್ರಿ" ಅಂತ ತೀರ್ಮಾನ ಮಾಡಿಕೊಂಡೇ ಬರುತ್ತಾರೆ, ರೇಟಿಗೆ ಜಗ್ಗಾಡೋದಿಲ್ಲ. ಇಲ್ಲಿ ಒಂದು ಕೆಲಸ ಮಾತ್ರ ವಾಟ್ಸಾಪಿನಲ್ಲಿ ಮುಗಿಸಬಾರದು, ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಪ್ಪು ನೋಡೋದು. ನಾನು ಹಾಳೆಯ ಮೇಲೆ ಪ್ರಿಂಟ್ ಕೊಟ್ಟು ಕೂರಿಸುತ್ತೇನೆ. ಮನೆಯ ಹಿರಿಯರು ಒಂದೊಂದೇ ಹೆಸರು ಜೋರಾಗಿ ಓದುತ್ತಾರೆ. ದೊಡ್ಡಪ್ಪನ ಹೆಸರು ಕಾಕಾನ ಹೆಸರಿಗಿಂತ ಕೆಳಗೆ ಬಂದಿದ್ದರೆ ಅಲ್ಲೇ ಸರಿಯಾಗುತ್ತದೆ. ಒಬ್ಬರಂತೂ ಸೊಲ್ಲಾಪುರದ ಬೀಗರಿಗೆ ಫೋನ್ ಮಾಡಿ ಇನಿಶಿಯಲ್ ಕೇಳಿಕೊಂಡೇ ಸಹಿ ಹಾಕಿದರು. ಕಾರ್ಡಿನ ಕೆಳಗೆ ನಮ್ಮ ಪ್ರೆಸ್ಸಿನ ಹೆಸರು ಸಣ್ಣ ಅಕ್ಷರದಲ್ಲಿ ಹಾಕೋದಿದ್ದರೂ ಲಗ್ನದ ಮನೆಯವರನ್ನು ಕೇಳಿಯೇ ಹಾಕುತ್ತೇನೆ. ಚುನಾವಣೆಯ ಕರಪತ್ರದಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ, ಆದರೆ ಲಗ್ನಪತ್ರಿಕೆ ಅವರ ಮನೆಯದು. ಆ ಒಂಬತ್ತು ಮನೆಗಳಿಂದ ಈಗಾಗಲೇ ಎರಡು ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಒಂದು ಗೃಹಪ್ರವೇಶದ ಕಾರ್ಡು ಬಂದಿವೆ.

ಹೊಸದಾಗಿ ಪ್ರೆಸ್ ಹಾಕಿದವರು ಕೇಳಿದರೆ ನಾನು ಹೇಳೋದು ಇಷ್ಟೇ: ಮ್ಯಾಪ್ ಇವತ್ತೇ ಮಾಡಿ, ಕೈಯಲ್ಲಿರುವ ದುಡ್ಡು ಆಲ್ಬಮಿಗೆ ಹಾಕಿ. ಪಾಂಪ್ಲೆಟ್ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಸಾಕು.

ನಾನು ಈಗ ಉರ್ದು ಶಾದಿ ಕಾರ್ಡುಗಳದೇ ಬೇರೆ ಆಲ್ಬಮ್ ಕಟ್ಟುತ್ತಿದ್ದೇನೆ, ದರ್ಗಾ ಕಡೆಯ ಬಟ್ಟೆ ಅಂಗಡಿಗಳಿಗೆ. ಸೀರೆ ಅಂಗಡಿಯ ಹಳೆಯ ಆಲ್ಬಮಿನ ಮೂಲೆಗಳು ಮುಟ್ಟಿ ಮುಟ್ಟಿ ಸವೆದಿವೆ. ಈ ವಾರ ಅದನ್ನೂ ಬದಲಿಸಿ ಕೊಡಬೇಕು.