ಊಟದ ಅಳತೆ: ನೆನಪೋ, ಪಟ್ಟಿಯೋ, ತಕ್ಕಡಿಯೋ?

ಊರಿನ ಊಟ ದೇಹಕ್ಕೂ ನೆಲಕ್ಕೂ ಎಷ್ಟು ಹಿತವೆಂದು ಅಳೆಯಲು ಯಾವ ದಾರಿ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ, ತಿನಿಸುಗಳ ಪಟ್ಟಿ ಹಿಡಿದು ‘ತಿಂಗಳಿಗೆ ಎಷ್ಟು ಸಲ ತಿಂದಿರಿ’ ಎನ್ನುವ ಪ್ರಶ್ನಾವಳಿಯೇ ಅಗ್ಗ. ತಿನ್ನುವುದನ್ನೆಲ್ಲ ತೂಗಿ ಬರೆದಿಡುವ ತಕ್ಕಡಿಯ ದಾರಿ ದುಬಾರಿ.

ನಿಖರತೆಯ ಮಾತೇ ಬೇರೆ. ‘ನಿನ್ನೆ ಏನು ತಿಂದಿರಿ’ ಎಂಬ 24 ಗಂಟೆಯ ವಿಚಾರಣೆಯಲ್ಲಿ ಮುದ್ದೆ, ಸಾರು ಚೆನ್ನಾಗಿ ಸಿಗುತ್ತವೆ. ಭಾನುವಾರದ ಮಟನ್ ತಪ್ಪಿಹೋಗುತ್ತದೆ. ಪರಿಸರದ ಲೆಕ್ಕದಲ್ಲಿ ಕುರಿಮಾಂಸದ ಹೊರೆ ರಾಗಿ, ಬೇಳೆಗಿಂತ ಬಹಳ ಹೆಚ್ಚು. ಹಾಗಾಗಿ ಅಲ್ಲಿ ಪ್ರಶ್ನಾವಳಿ ಮೇಲು. ವಿಚಾರಣೆಯನ್ನೇ ಆರಿಸಿದರೆ ಬಿಡಿಬಿಡಿಯಾಗಿ ಎರಡು ದಿನವಾದರೂ ಕೇಳಿ, ಒಂದು ಭಾನುವಾರದ ಊಟ ಸೇರಿರಲಿ.

ಈ ಮೂರರಲ್ಲಿ ಎಣ್ಣೆ, ಉಪ್ಪು ಮುಖ್ಯವಾದರೆ ತೂಗುವುದೇ ಮೇಲು. ಒಂದೇ ಪಾತ್ರೆಯ ಸಾರಿನಲ್ಲಿ ಯಾರ ಪಾಲು ಎಷ್ಟೆಂದು ನೆನಪು ಹೇಳದು. ಆದರೆ ತಕ್ಕಡಿ ಎದುರಿಗಿದ್ದರೆ ಜನ ಊಟವನ್ನೇ ಬದಲಿಸುತ್ತಾರೆ. ನೂರಾರು ಮನೆಗಳಿದ್ದರೆ ಪ್ರಶ್ನಾವಳಿ, ಹತ್ತಿಪ್ಪತ್ತಿದ್ದರೆ ತಕ್ಕಡಿ.