ಕಿಂಡಲ್‌ಗೆ ಪುಸ್ತಕ ದಾಟಿಸೋದು: ಇಮೇಲೋ, ಕೇಬಲ್ಲೋ?

ಶಿರಸಿಯಿಂದ ಸೋಂದಾ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಜುಲೈ ಬಂತೆಂದರೆ ಕರೆಂಟು ಹೋಗುತ್ತದೆ. ಅದರ ಹಿಂದೆಯೇ ನೆಟ್ಟೂ ಹೋಗುತ್ತದೆ. ಓದೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ ಅಲ್ವಾ? ಆದರೆ ಪುಸ್ತಕ ಲ್ಯಾಪ್‌ಟಾಪಿನಲ್ಲಿ, ಅದನ್ನು ಓದುವ ಅಮೆಜಾನಿನ ಪುಟ್ಟ ಯಂತ್ರ ಕಿಂಡಲ್ ಪಕ್ಕದಲ್ಲಿ. ಆ ಒಂದು ಗೇಣು ದಾಟಿಸೋಕೆ ಈ ಮಳೆಗಾಲ ಮೂರು ದಾರಿ ನೋಡಿದೆ.

ಮೊದಲನೆಯದು ಇಮೇಲ್. ಪ್ರತಿ ಕಿಂಡಲ್‌ಗೂ ತನ್ನದೇ ಮೇಲ್ ವಿಳಾಸ ಇರುತ್ತದೆ. ಅಮೆಜಾನ್ ಖಾತೆಯಲ್ಲಿ ನಮ್ಮ ವಿಳಾಸಕ್ಕೆ ಒಪ್ಪಿಗೆ ಕೊಟ್ಟು, ಇಪಬ್ (ಇ-ಪುಸ್ತಕಗಳ ಸಾಮಾನ್ಯ ರೂಪ) ಫೈಲು ಸೇರಿಸಿ ಕಳಿಸಿದರೆ ಆಯ್ತು. ಒಂದು ಮೇಲ್‌ಗೆ 50 ಎಂಬಿ ಮಿತಿ, ಕಾದಂಬರಿಗೆ ಅದು ಧಾರಾಳ. ಫೋನಿನಲ್ಲಿ ಓದಿ ನಿಲ್ಲಿಸಿದ ಪುಟದಿಂದಲೇ ಕಿಂಡಲ್‌ನಲ್ಲಿ ಮುಂದುವರಿಸಬಹುದು. ಪೇಟೆಯಲ್ಲಿದ್ದರೆ ನಾನು ಬೇರೆ ದಾರಿ ಹುಡುಕುತ್ತಲೇ ಇರಲಿಲ್ಲ. ಇಲ್ಲಿ ಮಾತ್ರ ಫೋನು, ಲ್ಯಾಪ್‌ಟಾಪು, ಕಿಂಡಲ್ಲು ಮೂರನ್ನೂ ಹೊತ್ತುಕೊಂಡು ನೆಟ್ ಸಿಗುವ ಮೆತ್ತಿನ ಕಿಟಕಿಗೆ ಹೋಗಬೇಕು.

ಎರಡನೆಯದು ಕೇಬಲ್ ಚುಚ್ಚಿ ಸುಮ್ನೆ ಕಾಪಿ ಮಾಡೋದು. ಚುಚ್ಚಿದೆ. ಕಿಂಡಲ್‌ನ ಮೂಲೆಯಲ್ಲಿ ಮಿಂಚಿನ ಗುರುತು ಬಂತು, ಲ್ಯಾಪ್‌ಟಾಪಿನಲ್ಲಿ ಏನೂ ಬರಲಿಲ್ಲ. ಮತ್ತೆ ಚುಚ್ಚಿದೆ, ತೂತು ಬದಲಿಸಿದೆ, ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಅರ್ಧ ದಿನ ಹಾಳು. ಕೊನೆಗೆ ನೋಡಿದರೆ ದೋಷ ಕೇಬಲ್ಲಿನದು. ಅಗ್ಗದ ಎಷ್ಟೋ ಕೇಬಲ್‌ಗಳ ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ. ಫೈಲು ಹೋಗೋಕೆ ಇನ್ನೆರಡು ಬೇಕು. ಹೊರಗಿನಿಂದ ಎರಡು ಬಗೆಯ ಕೇಬಲ್ಲೂ ಒಂದೇ ಥರ ಕಾಣುತ್ತವೆ.

ಸರಿಯಾದ ಕೇಬಲ್ ಸಿಕ್ಕಿತು, ಡಾಕ್ಯುಮೆಂಟ್ಸ್ ಫೋಲ್ಡರಿಗೆ ಪುಸ್ತಕ ಹಾಕಿದೆ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕಾಪಿ ಆಯ್ತು. ಆದರೆ ಕಿಂಡಲ್‌ನಲ್ಲಿ ಪುಸ್ತಕವೇ ಇಲ್ಲ! ಮೇಲ್‌ನಲ್ಲಿ ಕಳಿಸಿದ ಇಪಬ್ ಅಮೆಜಾನಿನ ಸರ್ವರಿನಲ್ಲಿ ಬದಲಾಗಿ ಬರುತ್ತದೆ. ಕೇಬಲ್ಲಿನಲ್ಲಿ ಬದಲಿಸುವವರು ಯಾರೂ ಇಲ್ಲ. ನಾವೇ ಕಿಂಡಲ್ ತೆರೆಯಬಲ್ಲ ಎಜೆಡ್‌ಡಬ್ಲ್ಯು3 ಥರದ ರೂಪಕ್ಕೆ ತಂದು ಹಾಕಬೇಕು. ಅತ್ತಿಗೆಯ ಹತ್ತಿರ ಇರುವ ಕೋಬೊ ಅನ್ನೋ ಬೇರೆ ಕಂಪನಿಯ ಓದುಯಂತ್ರಕ್ಕೆ ಈ ತಕರಾರಿಲ್ಲ, ಅದು ಇಪಬ್ಬನ್ನು ಹಾಗೇ ತೆರೆಯುತ್ತದೆ. ಸ್ವಲ್ಪ ಹೊಟ್ಟೆ ಉರಿಯಿತು.

ಹಾಗಾಗಿ ಮೂರನೆಯದು, ಕ್ಯಾಲಿಬರ್. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ. ನೋಡೋಕೆ ಚೆಂದವಿಲ್ಲ, ಗುಂಡಿಗಳ ಸಂತೆ. ಆದರೆ ಒಮ್ಮೆ ಇಳಿಸಿಕೊಂಡರೆ ಮುಂದೆ ನೆಟ್ ಬೇಡ. ಪುಸ್ತಕ ಆರಿಸಿ ಕಿಂಡಲ್‌ಗೆ ಕಳಿಸು ಅಂದರೆ, ರೂಪ ಬದಲಿಸಲಾ ಅಂತ ತಾನೇ ಕೇಳಿ, ಬದಲಿಸಿ, ಕೇಬಲ್ಲಿನಲ್ಲಿ ದಾಟಿಸುತ್ತದೆ. ಕರೆಂಟಿಲ್ಲದ ಸಂಜೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಹನ್ನೊಂದು ಪುಸ್ತಕ ತುಂಬಿದೆ. ಫೋನಿನ ಪುಟಕ್ಕೂ ಕಿಂಡಲ್‌ನ ಪುಟಕ್ಕೂ ಮಾತ್ರ ಇಲ್ಲಿ ಸಂಬಂಧವಿಲ್ಲ. ನನಗೆ ಅದು ದೊಡ್ಡ ನಷ್ಟವಲ್ಲ.

ಕ್ಯಾಲಿಬರ್ ಸೋತದ್ದು ಒಂದೇ ಕಡೆ. ಅಡಿಕೆಯ ಕೊಳೆರೋಗದ ಬಗ್ಗೆ ಅಪ್ಪಯ್ಯ ಇಟ್ಟುಕೊಂಡಿದ್ದ ಹಳೆಯ ಪಿಡಿಎಫ್ ಒಂದಿತ್ತು. ಬದಲಿಸಿ ಕಿಂಡಲ್‌ಗೆ ಹಾಕಿಕೊಟ್ಟೆ. ಕನ್ನಡಕ ಏರಿಸಿ ನೋಡಿದವರು, “ಎಂತದಾ ಇದು ತಮಾ? ಇಂಗ್ಲಿಷೂ ಅಲ್ದ, ಕನ್ನಡವೂ ಅಲ್ದ!” ಅಂದರು. ಪುಟದ ತುಂಬ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರ. ಆ ಪಿಡಿಎಫ್ ಹಳೆ ನುಡಿ ಫಾಂಟಿನದು, ಅದು ಯೂನಿಕೋಡ್ (ಕನ್ನಡದ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಅದು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕುತ್ತದೆ, ಬದಲಿಸುವಾಗ ವೇಷ ಕಳಚುತ್ತದೆ. ಅಂಥ ಪಿಡಿಎಫನ್ನು ಹಾಗೇ ಕಾಪಿ ಮಾಡಿ, ಕಿಂಡಲನ್ನು ಅಡ್ಡ ತಿರುಗಿಸಿ ಓದೋದೇ ಸರಿ. ಅಕ್ಷರ ಸಣ್ಣದು, ಆದರೆ ಕನ್ನಡ.

ನಾನೀಗ ಕ್ಯಾಲಿಬರ್ ಮತ್ತು ಕೇಬಲ್ಲಿಗೇ ನಿಂತಿದ್ದೇನೆ. ನಾಲ್ಕು ತಂತಿಯ ಆ ಕೇಬಲ್ಲಿಗೆ ಗುರುತಿಗೆ ಕೆಂಪು ನೂಲು ಕಟ್ಟಿಟ್ಟಿದ್ದೇನೆ. ಆದರೂ ತಮ್ಮ ಫೋನ್ ಚಾರ್ಜಿಗೆ ಅದನ್ನೇ ಎತ್ತಿಕೊಂಡು ಹೋಗುತ್ತಾನೆ.